ದೀರ್ಘರೋಗಿಗಳಿಗೆ ಭೇದಿಯಾದಾಗ

‘ಹೊಟ್ಟೆ ಕೆಟ್ಟಿದೆ’ ಎಂಬುದು ನಮ್ಮ ಮನೆಗಳಲ್ಲಿ ರೋಗವೆಂದೇ ಎಣಿಕೆಯಾಗುವುದಿಲ್ಲ. ‘ಲಂಘನಂ ಪರಮೌಷಧಂ’ ಎಂದು ಒಂದು ಹೊತ್ತು ಉಪವಾಸ, ಮೇಲೊಂದು ಲೋಟ ಮಜ್ಜಿಗೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಗಟ್ಟಿಮುಟ್ಟಾದ ಶರೀರಕ್ಕೆ ಇಷ್ಟು ಸಾಕಾಗಲೂಬಹುದು. ಆದರೆ ಮಧುಮೇಹ, ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರ ಮಾತು ಬೇರೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಪೆಟ್ಟು ತಿಂದು ಕಲಿತು, ಆಮೇಲೆ ವೈದ್ಯರಲ್ಲಿ ಕೇಳಿ ತಿಳಿದುಕೊಂಡ ಪಾಠವನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಧಾರವಾಡದಿಂದ ನಮ್ಮ ತೀರ್ಥರೂಪರು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ದರು. ವಯಸ್ಸು 74; ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಭೇದಿ ಆರಂಭವಾದಾಗ ಸೊಸೆಯ ಮುಂದೆ ಹೇಳಲು ಸಂಕೋಚಪಟ್ಟು ಒಂದು ದಿನ ಮುಚ್ಚಿಟ್ಟರು. ನಾನು ಕೇಳಿದರೆ, ‘ಏನೂ ಆಗಿಲ್ಲೋ ತಮ್ಮಾ, ಹೊಟ್ಟಿ ಸ್ವಲ್ಪ ಕೆಟ್ಟದ’ ಎಂದರು. ಔಷಧದಂಗಡಿಯವನು ಭೇದಿ ನಿಲ್ಲಿಸುವ ಎರಡು ಮಾತ್ರೆ ಕೊಟ್ಟ. ಊಟ ಬೇಡವೆಂದರೂ ಅವರ ದಿನನಿತ್ಯದ ಐದು ಮಾತ್ರೆಗಳನ್ನು ನಾನು ಹೊತ್ತಿಗೆ ಸರಿಯಾಗಿ ನುಂಗಿಸಿದೆ. ಅದು ನನ್ನ ಶಿಸ್ತು! ಮೂರನೆಯ ದಿನ ನಸುಕಿನಲ್ಲಿ ಅವರು ಬಚ್ಚಲಿನ ಬಾಗಿಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಕ್ರಿಯಾಟಿನಿನ್ ಇಮ್ಮಡಿಯಾಗಿತ್ತು. ನೀರು ಬತ್ತಿದ ದೇಹಕ್ಕೆ ನೀರನ್ನು ಹೊರದೂಡುವ ಮಾತ್ರೆಯನ್ನೂ ಕೊಟ್ಟಿದ್ದಿರಾ ಎಂದು ವೈದ್ಯರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಐದು ದಿನಗಳ ನಂತರ ತಂದೆಯವರು ಗುಣವಾಗಿ ಮನೆಗೆ ಬಂದರು. ಎಲ್ಲರಿಗೂ ಆ ಪುಣ್ಯವಿರಲಾರದು.

ದಿನಕ್ಕೆ ಮೂರು ಅಥವಾ ಹೆಚ್ಚು ಸಲ ನೀರಾಗಿ ಮಲವಿಸರ್ಜನೆಯಾದರೆ ಅದು ಭೇದಿ. ಅದರೊಡನೆ ನೀರು, ಸೋಡಿಯಂ, ಪೊಟ್ಯಾಸಿಯಂ ಖರ್ಚಾಗುತ್ತವೆ. ಜಮೆಯಿಲ್ಲದೆ ಖರ್ಚು ಮಾತ್ರ ನಡೆದರೆ ಖಾತೆ ಬರಿದಾಗುವುದು ನಿಶ್ಚಯ. ವೃದ್ಧರಲ್ಲಿ ಬಾಯಾರಿಕೆಯ ಅರಿವೇ ಕುಂದಿರುತ್ತದೆ. ಆದ್ದರಿಂದ ಅವರು ಕೇಳುವ ತನಕ ಕಾಯದೆ ಕುಡಿಸಬೇಕು.

ಕುಡಿಸಬೇಕಾದದ್ದು ಓ.ಆರ್.ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ 1 ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತವೆ. ಮಧುಮೇಹಿಗೆ ಸಕ್ಕರೆಯೇ ಎಂದು ಹಲವರು ಅಂಜುತ್ತಾರೆ. ಜಾಮೀನುದಾರನಿಲ್ಲದೆ ಸಾಲ ಮಂಜೂರಾಗದಂತೆ, ಈ ಅಲ್ಪ ಗ್ಲೂಕೋಸಿನ ಜೊತೆಯಿಲ್ಲದೆ ಕರುಳು ಉಪ್ಪನ್ನೂ ನೀರನ್ನೂ ಸರಿಯಾಗಿ ಒಳಗೆ ಬಿಡುವುದಿಲ್ಲ. ಆದುದರಿಂದ ಕೊಡಬಹುದು; ಸಕ್ಕರೆಯ ಮಟ್ಟವನ್ನು ನಾಲ್ಕು ಗಂಟೆಗೊಮ್ಮೆ ನೋಡುತ್ತಿರಬೇಕು. ಲೀಟರಿನ ಪೊಟ್ಟಣವನ್ನು ಲೋಟದಲ್ಲಿ ಕಲಸಬಾರದು. ಪೂರ್ತಿ ಒಂದು ಲೀಟರ್ ನೀರೇ ಬೇಕು. ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಈ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ‘ಓ.ಆರ್.ಎಸ್.’ ಎಂದು ಮುದ್ರಿಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ಆದೇಶಿಸಿತು.

ಇನ್ನು ಕಾಯಿಲೆಗೆ ತಕ್ಕಂತೆ ಎಚ್ಚರಿಕೆಗಳು:

1. ಮೂತ್ರಪಿಂಡದ ರೋಗಿಗಳಿಗೆ ಎಳನೀರು ಅಮೃತವಲ್ಲ. ಅದರ ಪೊಟ್ಯಾಸಿಯಂ ದೇಹದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಇವರಿಗೂ, ನೀರಿಗೆ ಮಿತಿ ಹೇಳಿರುವ ಹೃದ್ರೋಗಿಗಳಿಗೂ ಓ.ಆರ್.ಎಸ್. ಎಷ್ಟೆಂಬುದನ್ನು ಮೊದಲ ದಿನವೇ ವೈದ್ಯರಿಂದ ಕೇಳಬೇಕು.

2. ಮೂತ್ರ ಹೆಚ್ಚಿಸುವ ಮಾತ್ರೆಗಳು, ಟೆಲ್ಮಿಸಾರ್ಟನ್, ಎನಲಾಪ್ರಿಲ್ ಜಾತಿಯ ರಕ್ತದೊತ್ತಡದ ಮಾತ್ರೆಗಳು, ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ಮುಂತಾದವನ್ನು ಭೇದಿ ನಿಲ್ಲುವವರೆಗೆ ತಡೆಹಿಡಿಯಬೇಕಾಗಬಹುದು. ನಾವೇ ತೀರ್ಮಾನಿಸದೆ ಅಂದೇ ವೈದ್ಯರಿಗೆ ಫೋನು ಮಾಡಿ ಕೇಳುವುದು ಕ್ಷೇಮ. ಮತ್ತೆ ಯಾವಾಗ ಆರಂಭಿಸಬೇಕೆಂಬುದನ್ನೂ ಕೇಳಿರಬೇಕು.

3. ಊಟ ಬಿಟ್ಟರೂ ಇನ್ಸುಲಿನ್ ಅನ್ನು ತಾನಾಗಿ ಬಿಡಬಾರದು. ಪ್ರಮಾಣ ಬದಲಿಸಬೇಕೇ ಎಂದು ಕೇಳಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಆದ್ದರಿಂದ ಲಂಘನ ಬೇಡ. ಗಂಜಿ, ಮೆತ್ತನೆಯ ಅನ್ನ, ಮಜ್ಜಿಗೆ ಸ್ವಲ್ಪಸ್ವಲ್ಪವಾಗಿ ಇರಲಿ.

4. ಐಬುಪ್ರೋಫೆನ್, ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳು ಬತ್ತಿದ ಮೂತ್ರಪಿಂಡಕ್ಕೆ ಹಾನಿಕರ. ಜ್ವರ ಅಥವಾ ಮಲದಲ್ಲಿ ರಕ್ತವಿದ್ದರೆ ಭೇದಿ ನಿಲ್ಲಿಸುವ ಮಾತ್ರೆಯೂ ಸಲ್ಲದು.

5. ಔಷಧವೇ ಭೇದಿಗೆ ಕಾರಣವಾಗಿರಬಹುದು. ಮೆಟ್‌ಫಾರ್ಮಿನ್ ಹೊಸದಾಗಿ ಆರಂಭವಾಗಿದೆಯೇ, ಇತ್ತೀಚೆಗೆ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆಯೇ ಎಂಬುದನ್ನು ವೈದ್ಯರಿಗೆ ತಿಳಿಸಬೇಕು.

ಎದ್ದುನಿಂತಾಗ ತಲೆಸುತ್ತು, ಒಣಗಿದ ನಾಲಿಗೆ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ನಿಲ್ಲದ ವಾಂತಿ, ಮಲದಲ್ಲಿ ರಕ್ತ, ಮಾತಿನಲ್ಲಿ ಗೊಂದಲ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಊರಿನಿಂದ ಬರುವ ಹಿರಿಯರ ರೋಗದ ಚರಿತ್ರೆ ಊರಿನ ವೈದ್ಯರ ನೆನಪಿನಲ್ಲಿರುತ್ತದೆ. ಈ ಮಹಾನಗರದ ವೈದ್ಯರಿಗೆ ಅದು ತಿಳಿಯುವುದೆಂತು? ಆದ್ದರಿಂದ ಔಷಧಗಳ ಹೆಸರು, ಪ್ರಮಾಣ, ಕೊನೆಯ ಕ್ರಿಯಾಟಿನಿನ್, ಊರಿನ ವೈದ್ಯರ ಫೋನ್ ಸಂಖ್ಯೆ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿ. ‘ಭೇದಿಯಾದರೆ ಯಾವ ಮಾತ್ರೆ ನಿಲ್ಲಿಸಬೇಕು?’ ಎಂಬ ಪ್ರಶ್ನೆಯನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಗೆ ಕೇಳಿ, ಉತ್ತರವನ್ನೂ ಅದರಲ್ಲೇ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಆ ಹಾಳೆ ಈಗ ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆಯಲ್ಲೇ ಇದೆ.

ಕೊನೆಯದಾಗಿ ಒಂದು ಮಾತು. ಹಿರಿಯರು ಹೇಳಲು ನಾಚುತ್ತಾರೆ. ನಾವು ಕೇಳಲು ನಾಚಬಾರದು.