ಸಿಟಿ ಸ್ಕ್ಯಾನ್ ಆದ ಮೇಲೂ ಎಂಆರ್‌ಐ ಬೇಕೇ?

ಪ್ರಶ್ನೆ: ನಮ್ಮ ಯಜಮಾನರು ಅಡಿಕೆ ಕೊನೆ ಕೊಯ್ಯಲು ಹತ್ತಿದ್ದಾಗ ಮರದಿಂದ ಬಿದ್ದರು. ಸೊಂಟದ ಮೊದಲನೇ ಕಶೇರು ಒಡೆದು ಚೂರಾಗಿದೆ ಎಂದು ಸಿಟಿ ಸ್ಕ್ಯಾನ್‌ನಲ್ಲಿ ಬಂದಿದೆ. ಕಾಲುಗಳಿಗೆ ಬಲವಿದೆ, ಮೂತ್ರಕ್ಕೂ ತೊಂದರೆಯಿಲ್ಲ. ಈಗ ಡಾಕ್ಟರು ‘ಲಿಗಮೆಂಟ್ ಹರಿದಿದೆಯೋ ನೋಡಬೇಕು, ಎಂಆರ್‌ಐ ಮಾಡಿಸಿ’ ಎನ್ನುತ್ತಿದ್ದಾರೆ. ಸಿಟಿಯಲ್ಲಿ ಅದು ಕಾಣುವುದಿಲ್ಲವೇ? ಸುಮ್ಮನೆ ಖರ್ಚು ಮಾಡಿಸುತ್ತಿದ್ದಾರೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಸಂಶಯ ಸಹಜ ತಾಯಿ, ಆದರೆ ಡಾಕ್ಟರು ಕೇಳುತ್ತಿರುವುದು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಪ್ರಶ್ನೆಯನ್ನೇ.

ಮೂಳೆಯ ವಿಷಯದಲ್ಲಿ ಸಿಟಿಯನ್ನು ಧೈರ್ಯವಾಗಿ ನಂಬಬಹುದು. ಕಶೇರು ಎಷ್ಟು ಕುಸಿದಿದೆ, ಚೂರು ಹಿಂದಕ್ಕೆ ಸರಿದು ನರಗಳನ್ನು ಒತ್ತುವಂತಿದೆಯೇ ಎಂಬುದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಲಿಗಮೆಂಟ್‌ಗಳು ಹಾಗೆ ಕಾಣುವುದಿಲ್ಲ. ಅವು ಬೆನ್ನಿನ ಹಿಂಬದಿಯಲ್ಲಿ ಒಂದು ಕಶೇರನ್ನು ಇನ್ನೊಂದಕ್ಕೆ ಬಿಗಿದಿರುವ ಪಟ್ಟಿಗಳು. ಚಪ್ಪರದ ಮುಂದಿನ ಕಂಬ ಕುಸಿದರೂ ಹಿಂದಿನ ಹಗ್ಗ ಗಟ್ಟಿಯಿದ್ದರೆ ಚಪ್ಪರ ಮುಂದಕ್ಕೆ ಬೀಳುವುದಿಲ್ಲವಲ್ಲ, ಹಾಗೆ. ಈ ಪಟ್ಟಿಗಳ ಮಹತ್ವವನ್ನು ಇಂಗ್ಲೆಂಡಿನ ಶೆಫೀಲ್ಡ್‌ನ ಶಸ್ತ್ರವೈದ್ಯ ಫ್ರಾಂಕ್ ಹೋಲ್ಡ್ಸ್‌ವರ್ತ್ 1963ರಲ್ಲೇ ಒತ್ತಿ ಹೇಳಿದ್ದರು.

2005ರಿಂದ ಬಳಕೆಯಲ್ಲಿರುವ ಒಂದು ಅಂಕಪದ್ಧತಿಯಲ್ಲಿ ನಿಮ್ಮವರ ಲೆಕ್ಕ ಹೀಗೆ: ಚೂರಾದ ಕಶೇರಿಗೆ 2 ಅಂಕ, ನರಕ್ಕೆ ಪೆಟ್ಟಿಲ್ಲದ್ದಕ್ಕೆ 0. ಲಿಗಮೆಂಟ್ ಸರಿಯಿದ್ದರೆ 0, ಸಂಶಯವಿದ್ದರೆ 2, ಹರಿದಿದ್ದರೆ 3. ಒಟ್ಟು 3ರೊಳಗಿದ್ದರೆ ಸಾಮಾನ್ಯವಾಗಿ ಬೆಲ್ಟು, ವಿಶ್ರಾಂತಿ ಸಾಕು. 5 ಅಥವಾ ಹೆಚ್ಚಾದರೆ ಆಪರೇಷನ್. 4 ಬಂದರೆ ಎರಡೂ ಆಗಬಹುದು. ನಿಮ್ಮವರದು 2 ಆಗುತ್ತದೋ 5 ಆಗುತ್ತದೋ ಎಂಬುದು ಲಿಗಮೆಂಟ್ ಒಂದರ ಮೇಲೇ ನಿಂತಿದೆ.

ಸಿಟಿ ಇದನ್ನು ಪರೋಕ್ಷವಾಗಿ ಹೇಳಬಲ್ಲದು. ಹಿಂಬದಿಯ ಮುಳ್ಳುಗಳ ನಡುವಿನ ಅಂತರ ಹಿಗ್ಗಿರುವುದು, ಕಶೇರುಗಳ ನಡುವಿನ ಚಿಕ್ಕ ಕೀಲುಗಳು ಬಾಯಿಬಿಟ್ಟಿರುವುದು, ಮುಳ್ಳಿನ ತುದಿ ಕಿತ್ತುಬಂದಿರುವುದು, ಒಂದು ಕಶೇರು ಇನ್ನೊಂದರ ಮೇಲೆ ಜಾರಿರುವುದು ಇದರ ಗುರುತುಗಳು. ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೆ ಕಂಡರೆ ಲಿಗಮೆಂಟ್ ಹರಿದಿದೆ ಎಂದೇ ನಾನು ಭಾವಿಸುತ್ತೇನೆ. ಒಂದೂ ಕಾಣದಿದ್ದರೆ ಬಹುಪಾಲು ಸರಿಯಿರುತ್ತದೆ. ಒಂದೇ ಗುರುತು ಕಂಡಾಗ ಮಾತ್ರ ಸಿಟಿಯನ್ನಷ್ಟೇ ನೆಚ್ಚುವುದು ತಪ್ಪು. ಎಂಆರ್‌ಐಗೆ ನಿಜವಾದ ಬೆಲೆ ಇರುವುದು ಅಲ್ಲಿ. ಸಿಟಿ ತೆಗೆಯುವಾಗ ರೋಗಿ ಅಂಗಾತ ಮಲಗಿರುವುದರಿಂದ ಹಿಗ್ಗಿದ ಅಂತರ ಮುಚ್ಚಿಕೊಂಡಿರಲೂಬಹುದು. ಆಪರೇಷನ್ ಬೇಡವೆಂದಾದರೂ ಬೆಲ್ಟು ಹಾಕಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವುದು ಇದಕ್ಕೇ. ಅದನ್ನು ತಪ್ಪಿಸಬೇಡಿ.

ಎಂಆರ್‌ಐ ಕೂಡ ಕೊನೆಯ ಮಾತಲ್ಲ. ಬರಿಯ ಊತವೂ ಅದರಲ್ಲಿ ಬೆಳ್ಳಗೆ ಹೊಳೆದು ಹರಿದಂತೆ ತೋರುತ್ತದೆ. ಲಿಗಮೆಂಟಿನ ಕಪ್ಪು ಗೆರೆ ಎಲ್ಲಿಯಾದರೂ ತುಂಡಾಗಿದೆಯೇ ಎಂದು ನೋಡಬೇಕು. ಡಾಕ್ಟರನ್ನು ಹೀಗೆ ಕೇಳಿ: ‘ಸಿಟಿಯಲ್ಲಿ ಯಾವ ಗುರುತು ಕಂಡು ಸಂಶಯ ಬಂತು? ಎಂಆರ್‌ಐಯಿಂದ ಚಿಕಿತ್ಸೆ ಬದಲಾಗುತ್ತದೆಯೇ?’ ಬದಲಾಗುತ್ತದೆ ಎಂದರೆ ತಡಮಾಡದೆ ಮಾಡಿಸಿ. ಅಲ್ಲಿಯವರೆಗೆ ಮಗ್ಗುಲು ಬದಲಿಸುವಾಗ ಬೆನ್ನು ತಿರುಚದಂತೆ ಭುಜ, ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರ ಕಟ್ಟಿದರೆ ಅದು ತುರ್ತುಸ್ಥಿತಿ.

ಪ್ರಶ್ನೆ: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನು ಬಿಗಿದು ಬಾಗಿರುವ ನಮ್ಮ ತಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಸಿಟಿಯಲ್ಲಿ ಏನೂ ಇಲ್ಲ, ಆದರೆ ನೋವು ವಿಪರೀತ.
– ಓದುಗರು, ಹಾಸನ

ಉತ್ತರ: ಏನೂ ಇಲ್ಲ ಎಂದು ಸುಮ್ಮನಾಗಬೇಡಿ. ಇಂಥ ಬೆನ್ನು ಸಣ್ಣ ಪೆಟ್ಟಿಗೂ ಆರಪಾರ ಮುರಿಯುತ್ತದೆ, ಬಿರುಕು ಸಿಟಿಯ ಕಣ್ಣನ್ನೂ ತಪ್ಪಿಸಬಹುದು. ಇಡೀ ಬೆನ್ನಿನ ಎಂಆರ್‌ಐ ಮಾಡಿಸಿ. ಅವರನ್ನು ಬಲವಂತವಾಗಿ ನೆಟ್ಟಗೆ ಮಲಗಿಸಬೇಡಿ. ಬಾಗಿದ ಭಂಗಿಯಲ್ಲೇ ತಲೆದಿಂಬು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.