ಟ್ರ್ಯಾಕ್‌ಗೆ ಅಪ್ಪನ ಕಾರು ಒಯ್ಯೋ ಮುಂಚೆ

ಹೊನ್ನಾಳಿ–ನ್ಯಾಮತಿ ರೋಡಲ್ಲಿ ನೂರು ಮುಟ್ಟಿಸಿದೆ ಅಂತ ಹಾಸ್ಟೆಲಲ್ಲಿ ಹೇಳ್ಕೊಳ್ಳೋರಿಗೆ ಈ ಲೇಖನ. ಎಮ್ಮೆ, ಟ್ರ್ಯಾಕ್ಟರ್ ಅಡ್ಡ ಬರೋ ರಸ್ತೆ ಅದಕ್ಕಲ್ಲ ಮಾರಾಯ್ರೇ. ಸ್ಪೀಡ್ ಬೇಕಾದ್ರೆ ಟ್ರ್ಯಾಕ್ ಡೇಗೆ ಹೋಗಿ. ಚೆನ್ನೈ ಹತ್ರ ಇರುಂಗಾಟ್ಟುಕೋಟೈ, ಕೊಯಮತ್ತೂರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇವೆ.

ಅಲ್ಲಿ ಹೊಸಬರ ಕಾರಲ್ಲಿ ಮೊದಲು ಸೋಲೋದು ಎಂಜಿನ್ ಅಲ್ಲ, ಬ್ರೇಕ್. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 60ರಲ್ಲಿದ್ದ ಕಾರು ನಿಲ್ಲಿಸೋದಕ್ಕಿಂತ 120ರಲ್ಲಿದ್ದದ್ದನ್ನ ನಿಲ್ಲಿಸೋವಾಗ ನಾಲ್ಕು ಪಟ್ಟು ಶಾಖ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರ್ಕೊಳ್ಳುತ್ತೆ. ಹಳೇದಾದ್ರೆ ಬೇಗ ಕುದ್ದು ಗುಳ್ಳೆ ಏಳುತ್ತೆ, ಆಮೇಲೆ ಪೆಡಲ್ ಒತ್ತಿದ್ರೆ ಸೀದಾ ಕೆಳಗೆ ಹೋಗುತ್ತೆ. ಹೊರಡೋ ಮುಂಚೆ ಹೊಸ ಆಯಿಲ್ ಹಾಕಿಸಿ, ಪ್ಯಾಡ್ ನೋಡಿಸಿ.

ತಿರುವಿಗೆ ಮುಂಚೆ, ಸ್ಟೇರಿಂಗ್ ನೇರ ಇದ್ದಾಗಲೇ ಬ್ರೇಕ್ ಹಿಡೀರಿ. ಹಳದಿ ಬಾವುಟ ಕಂಡ್ರೆ ನಿಧಾನ, ಓವರ್‌ಟೇಕ್ ಇಲ್ಲ. ಕೊನೇ ಲ್ಯಾಪ್ ಮೆಲ್ಲಗೆ ಓಡಿಸಿ ಬ್ರೇಕ್ ತಣಿಸಿ. ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೀಬೇಡಿ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಇನ್ಶೂರೆನ್ಸ್ ವಿಷಯ ಯಾರೂ ಹೇಳಲ್ಲ. ಸಾಮಾನ್ಯ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗಿಗೆ ಕವರ್ ಇರಲ್ಲ. ಗೋಡೆಗೆ ಗುದ್ದಿದ್ರೆ ಪೂರ್ತಿ ಖರ್ಚು ಮನೆಯದ್ದೇ. ಚನ್ನಗಿರಿಯ ನಮ್ಮನೇಲಿ ಕಾರು ಬಂದಿದ್ದು ಅಡಿಕೆ ದುಡ್ಡಲ್ಲಿ. ಅದಕ್ಕೇ ಇದನ್ನೆಲ್ಲ ಹೇಳಿಯೇ ಅಪ್ಪನ ಹತ್ರ ಕೀ ಕೇಳಿದೆ. ಇನ್ನೂ ಸಿಕ್ಕಿಲ್ಲ.