ಆರೂಕಾಲು ಅಡಿಗೊಂದು ಸೀಟು

ಪ್ರಶ್ನೆ: ಊರು ಕೆಜಿಎಫ್‌ನ ಉರಿಗಾಂ, ವಯಸ್ಸು 41, ಎತ್ತರ ಆರೂಕಾಲು ಅಡಿ. ನಗಬೇಡಿ, ಸಮಸ್ಯೆ ಇರುವುದೇ ಅದರಲ್ಲಿ. ಅಪ್ಪ ಗಣಿಯಲ್ಲಿದ್ದರು. ನಾನು ಬೆಳೆದದ್ದು ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ, ಬಾಗಿಲಿಗೆ ಹಣೆ ಹೊಡೆಸಿಕೊಳ್ಳದ ದಿನವೇ ಇರಲಿಲ್ಲ. ಈಗ ವಾರಕ್ಕೆ ಮೂರು ದಿನ ವೈಟ್‌ಫೀಲ್ಡಿಗೆ ಕೆಲಸಕ್ಕೆ ಹೋಗುತ್ತೇನೆ, ಹಳೆಯ ಸಣ್ಣ ಕಾರಿನಲ್ಲಿ. ಕ್ಲಚ್ ಬಿಟ್ಟಾಗಲೆಲ್ಲ ಎಡಮಂಡಿ ಸ್ಟೀರಿಂಗಿಗೆ ತಾಗುತ್ತದೆ. ಮನೆ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ.

ಎಸ್‌ಯುವಿ ತೆಗೆದುಕೊಳ್ಳೋಣ ಎಂದು ಹೊರಟೆವು. ಆನ್‌ರೋಡ್ 20 ಲಕ್ಷ ದಾಟಬಾರದು. ಮಕ್ಕಳಿಬ್ಬರಿಗೂ ಸನ್‌ರೂಫ್ ಬೇಕಂತೆ. ಭಾಮೈದನೂ “ಸನ್‌ರೂಫ್ ಇಲ್ಲದಿದ್ರೆ ರೀಸೇಲ್ ಇಲ್ಲ ಭಾವ” ಅಂತಾನೆ. ಒಂದು ಶೋರೂಮಿನಲ್ಲಿ ಕೂತು ನೋಡಿದೆ, ತಲೆ ಮೇಲಕ್ಕೆ ತಾಗಿತು. ಅಲ್ಲಿನ ಹುಡುಗ “ಸ್ವಲ್ಪ ಹಿಂದಕ್ಕೆ ಒರಗಿಸ್ಕೊಳ್ಳಿ ಸಾರ್, ರೂಢಿ ಆಗುತ್ತೆ” ಅಂದ. ಇನ್ನೊಮ್ಮೆ ಕೂರಲು ನಾಚಿಕೆಯಾಗಿ ಇಳಿದುಬಂದೆ. ಅಮ್ಮನಿಗೆ 72, ಮಂಡಿನೋವು, ಎತ್ತರದ ಗಾಡಿ ಹತ್ತಲಾರರು. ಹೆಂಡತಿ “ಓಡಿಸೋರು ನೀವು, ನೀವೇ ಹೇಳಿ” ಎಂದು ಸುಮ್ಮನಾಗಿದ್ದಾಳೆ. ಹೇಗೋ ಬಗ್ಗಿ ಕೂತರಾಯಿತು ಅಂತ ಎಲ್ಲರೂ ಒಪ್ಪಿದ್ದನ್ನೇ ಬುಕ್ ಮಾಡಿಬಿಡಲೇ?

— ಹೆಸರು ಬೇಡ, ಉರಿಗಾಂ

ಉತ್ತರ: ಬೇಡ. ಬುಕ್ ಮಾಡಬೇಡಿ.

ನಾನು ಐದಡಿ ಒಂದಂಗುಲದವಳು, ಬಸ್ಸಿನಲ್ಲಿ ಮೇಲಿನ ಕಂಬಿ ಸಿಗದೆ ಒದ್ದಾಡುವವಳು. ಎತ್ತರದವರ ಕಷ್ಟ ಗೊತ್ತಾದದ್ದು ಮದುವೆಯಾದ ಮೇಲೆ. ನಮ್ಮ ಮನೆಯವರು ಆರಡಿ ಎರಡಂಗುಲ. ಮೊದಲ ಕಾರನ್ನು ನಾವು ಬಣ್ಣ ನೋಡಿ ಕೊಂಡೆವು. ಏಳು ವರ್ಷ ಅವರು ಅದನ್ನು ಕತ್ತು ಓರೆ ಮಾಡಿಕೊಂಡೇ ಓಡಿಸಿದರು. ಸಿಗ್ನಲ್ಲಿನಲ್ಲಿ ಮುಂದಿನ ಸಾಲಿನಲ್ಲಿ ನಿಂತರೆ ಚಾವಣಿಯ ಅಂಚು ಅಡ್ಡ ಬಂದು ದೀಪವೇ ಕಾಣುತ್ತಿರಲಿಲ್ಲ. ಸ್ಟೀರಿಂಗಿಗೆ ಗಲ್ಲ ಊರಿ, ಬಗ್ಗಿ, ಮೇಲೆ ನೋಡಬೇಕು. ಎಷ್ಟೋ ಸಲ ಹಿಂದಿನವರು ಹಾರನ್ ಹೊಡೆದ ಮೇಲೇ ನಾವು ಹೊರಟದ್ದು. ಆ ಕಾರನ್ನು ಮಾರಿದ ದಿನ ಅವರು ಕತ್ತು ನೆಟ್ಟಗೆ ಮಾಡಿಕೊಂಡರೇ ಹೊರತು ಬೇಜಾರೇನೂ ಮಾಡಿಕೊಳ್ಳಲಿಲ್ಲ.

ನಿಮ್ಮ ಪತ್ರದಲ್ಲಿ ಕಾರಿಗಿಂತ ಹೆಚ್ಚು ಕಾಡಿದ್ದು “ನಾಚಿಕೆಯಾಗಿ ಇಳಿದುಬಂದೆ” ಎಂಬ ಮಾತು. ಅಂಗಿ ಹೊಲಿಸಲು ಹೋದರೆ ಟೈಲರ್ ಮುಂದೆ ಕೈ ಚಾಚಿ ನಿಲ್ಲುತ್ತೀರಲ್ಲ, ಅಲ್ಲಿ ಇಲ್ಲದ ಸಂಕೋಚ ಇಲ್ಲೇಕೆ? ಲೈನ್ ಮನೆ ಕಟ್ಟಿದವರು ಒಳಗಿರುವವರ ಎತ್ತರ ಕೇಳಿರಲಿಲ್ಲ. ಮೂರು ಕಿಲೋಮೀಟರಿಗೂ ಕೆಳಗೆ ಇಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಬಂಡೆ ಬಿಟ್ಟುಕೊಟ್ಟಷ್ಟೇ ಜಾಗ. ನಿಮ್ಮ ತಂದೆಯವರ ಕಾಲದವರು ಬಗ್ಗಿದ್ದು ಬೇರೆ ದಾರಿಯಿಲ್ಲದೆ. ಆ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ನೀವು ಸ್ವಂತ ದುಡ್ಡು ಸುರಿದು, ಮೇಲೆ ವರ್ಷಗಟ್ಟಲೆ ಕಂತು ಕಟ್ಟಿ, ನಾಲ್ಕು ಚಕ್ರದ ಇನ್ನೊಂದು ಲೈನ್ ಮನೆ ಕೊಳ್ಳಬೇಕೇ?

ಈಗ ಗಾಡಿಯ ವಿಷಯ. ಎಸ್‌ಯುವಿ ಎಂದರೆ ಒಳಗೆ ಎತ್ತರ ಜಾಸ್ತಿ ಎಂದು ನೀವೂ ನಂಬಿದಂತಿದೆ. ಒಂದು ಅಳತೆ ಹೇಳುತ್ತೇನೆ. ಮಾರುತಿ ವ್ಯಾಗನ್‌ಆರ್ ನೆಲದಿಂದ ನೆತ್ತಿಯವರೆಗೆ 1675 ಮಿಲಿಮೀಟರ್. ಹುಂಡೈ ಕ್ರೆಟಾ 1635. ಉದ್ದದಲ್ಲಿ ಕ್ರೆಟಾ ಎರಡಡಿಗೂ ಹೆಚ್ಚು ಮುಂದಿದ್ದರೂ ಎತ್ತರದಲ್ಲಿ ವ್ಯಾಗನ್‌ಆರೇ ಮೇಲು. ಅದರ ಮೇಲೆ ಎಸ್‌ಯುವಿಯ ನೆಲಹಾಸು ರಸ್ತೆಯಿಂದ ಎತ್ತರದಲ್ಲಿರುತ್ತದೆ, ಅಷ್ಟು ಒಳಗಿನಿಂದಲೇ ಕಳೆಯಿತು. 1998ರಲ್ಲಿ ಬಂದ ಸ್ಯಾಂಟ್ರೊ ಕಾರನ್ನು ‘ಟಾಲ್ ಬಾಯ್’ ಎಂದು ಕರೆದದ್ದು ಒಳಗಿನ ಎತ್ತರಕ್ಕೇ. ಕಾರು ಚಿಕ್ಕದು, ಆದರೆ ಕೂತವರು ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ. ಹಾಗಂತ ನಿಮಗೆ ವ್ಯಾಗನ್‌ಆರ್ ಕೊಳ್ಳಿ ಎನ್ನುತ್ತಿಲ್ಲ, ನಿಮ್ಮ ಕಾಲು ಅಲ್ಲಿ ಹಿಡಿಸಲಿಕ್ಕಿಲ್ಲ. ಹೆಸರು ನೋಡಿ ಮರುಳಾಗಬೇಡಿ ಎಂದೆ ಅಷ್ಟೆ.

ಇವತ್ತೇ ಮನೆಯಲ್ಲಿ ಒಂದು ಕೆಲಸ ಮಾಡಿ. ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರಿ. ಮಗಳೋ ಮಗನೋ ತಲೆಯ ಮೇಲೆ ಒಂದು ಪುಸ್ತಕವನ್ನು ಅಡ್ಡ ಹಿಡಿದು ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಲಿ. ನೆಲದಿಂದ ಆ ಗುರುತಿನವರೆಗೆ ಟೇಪ್ ಹಿಡಿಯಿರಿ. ಆರೂಕಾಲು ಅಡಿಯ ಇಬ್ಬರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮುಂಡ ಉದ್ದ. ಒಬ್ಬರಿಗೆ ಹೊಂದಿದ ಗಾಡಿ ಇನ್ನೊಬ್ಬರಿಗೆ ಶಿಕ್ಷೆ. ಶೋರೂಮಿನಲ್ಲಿ ಸೀಟಿನ ಮೆತ್ತೆಯನ್ನು ಕೈಯಿಂದ ಅದುಮಿ, ಅಲ್ಲಿಂದ ಚಾವಣಿಗೆ ಅದೇ ಟೇಪ್ ಹಿಡಿದರೆ ಕೂರುವ ಮೊದಲೇ ಅರ್ಧ ಉತ್ತರ ಸಿಕ್ಕಿತು. ತಲೆಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಲೇಬೇಕು. ನಿಮ್ಮೂರಿನ ಹಂಪುಗಳಲ್ಲಿ ಅದಕ್ಕಿಂತ ಕಡಿಮೆಯಾದರೆ ನೆತ್ತಿ ಕೇಳುವುದಿಲ್ಲ.

ನಿಮ್ಮ ಮುಖ್ಯ ಶತ್ರು ಚಾವಣಿಯಲ್ಲ, ಸ್ಟೀರಿಂಗ್. ಕಾಲು ಉದ್ದ ಎಂದು ಸೀಟು ಹಿಂದಕ್ಕೆ ತಳ್ಳುತ್ತೀರಿ. ಕಾಲಿಗೆ ಜಾಗ ಬಂತು, ಸ್ಟೀರಿಂಗ್ ದೂರವಾಯಿತು. ಅದನ್ನು ಹಿಡಿಯಲು ಬೆನ್ನು ಸೀಟನ್ನು ಬಿಟ್ಟು ಮುಂದಕ್ಕೆ ಬಾಗುತ್ತದೆ, ನೂರು ಕಿಲೋಮೀಟರ್ ಹಾಗೇ ಬಾಗಿರುತ್ತದೆ. ಸೊಂಟ ಹಿಡಿಯುವುದು ಇಲ್ಲೇ. ಸ್ಟೀರಿಂಗ್ ಮೇಲೆ ಕೆಳಗೆ ಆಡಿದರೆ ನಿಮಗೆ ಸಾಲದು, ಎದೆಯ ಕಡೆಗೆ ಎಳೆದುಕೊಳ್ಳಲೂ ಬರಬೇಕು. ಇದಕ್ಕೆ ಟೆಲಿಸ್ಕೋಪಿಕ್ ಎನ್ನುತ್ತಾರೆ. ದೊಡ್ಡ ಗಾಡಿಯಾದ ಮಾತ್ರಕ್ಕೆ ಇದು ಇರುತ್ತದೆ ಎಂದುಕೊಳ್ಳಬೇಡಿ. 2022ರಲ್ಲಿ ಬಂದ ಸ್ಕಾರ್ಪಿಯೊ-ಎನ್ 1857 ಮಿಲಿಮೀಟರ್ ಎತ್ತರದ ಗಾಡಿ. ತಲೆಯ ಚಿಂತೆಯಿಲ್ಲ, ಆದರೆ ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರ. ಪರೀಕ್ಷೆ ಸುಲಭ: ಬೆನ್ನು ಪೂರ್ತಿ ಸೀಟಿಗೆ ಒತ್ತಿ ಕೂತು ಕೈ ಚಾಚಿ. ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಯ ಮೇಲೆ ಕೂರಬೇಕು, ಭುಜ ಸೀಟು ಬಿಡಬಾರದು. ಏರ್‌ಬ್ಯಾಗ್ ಇರುವುದರಿಂದ ಎದೆಗೂ ಸ್ಟೀರಿಂಗಿನ ನಡುವಿಗೂ ಹತ್ತಂಗುಲ ಅಂತರ ಉಳಿಯಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿರಬೇಕು. ಆಟೊಮ್ಯಾಟಿಕ್‌ಗೆ ದುಡ್ಡು ಹೊಂದುವುದಾದರೆ ಎಡಮಂಡಿಯ ರಗಳೆಯೇ ಮುಗಿಯಿತು. ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು, ಶೋರೂಮಿನವರು ಎತ್ತದ ಮಾತು. ಬೊಲೆರೊ, ಸ್ಕಾರ್ಪಿಯೊ, ಥಾರ್ ಇವೆಲ್ಲ ಲಾರಿಯಂತೆ ಕಬ್ಬಿಣದ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಕೋಲಾರದ ಟೊಮೆಟೊ ಮಂಡಿಗೆ ಕ್ರೇಟು ಹೊರುವ ಬೊಲೆರೊ ಪಿಕಪ್ ಅಷ್ಟು ಗಟ್ಟಿಯಾಗಿರುವುದು ಅದಕ್ಕೇ. ಆದರೆ ಚಾಸಿಯಿಂದಾಗಿ ನೆಲಹಾಸು ಮೇಲೇರಿರುತ್ತದೆ. ನೆಲಹಾಸಿಗೂ ಸೀಟಿಗೂ ಅಂತರ ಕಡಿಮೆಯಾದರೆ ಉದ್ದ ಕಾಲಿನವರ ಮಂಡಿ ಮೇಲೆದ್ದು, ತೊಡೆ ಗಾಳಿಯಲ್ಲಿ ತೇಲುತ್ತದೆ, ಮಣೆಯ ಮೇಲೆ ಕೂತ ಹಾಗೆ. ತೊಡೆಯ ಕೆಳಗೆ ಅಂಗೈ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಸೀಟು ನಿಮ್ಮದಲ್ಲ. ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್‌ ವೇ ತೆರೆದ ಮೇಲೆ ನಿಮ್ಮ ಕಡೆಯವರು ಒಂದೇ ವೇಗದಲ್ಲಿ, ಕಾಲು ಕದಲಿಸದೆ ಓಡಿಸುವುದು ಹೆಚ್ಚಾಗಿದೆ. ತೊಡೆಗೆ ಆಸರೆಯಿಲ್ಲದಿದ್ದರೆ ಅಲ್ಲಿ ಕಾಲು ಜೋಮು ಹಿಡಿಯುತ್ತದೆ. ಹ್ಯಾರಿಯರ್, ಸಫಾರಿ, ಕ್ರೆಟಾಗಳಿಗೆ ಬೇರೆ ಚಾಸಿಯಿಲ್ಲ, ಬಾಡಿಯೇ ಚಾಸಿ. ಅವುಗಳಲ್ಲಿ ಎಡಮಂಡಿ ನಡುವಿನ ಕನ್ಸೋಲಿಗೆ ಉಜ್ಜುತ್ತದೆಯೇ ನೋಡಿಕೊಳ್ಳಿ. ಹಾಗೇ ತಲೆದಿಂಬನ್ನು ಪೂರ್ತಿ ಮೇಲೆಳೆದು ನೋಡಿ, ಅದು ತಲೆಯ ಹಿಂದೆ ಬರಬೇಕು. ಕತ್ತಿಗೆ ನಿಂತರೆ, ಹಿಂದಿನಿಂದ ಯಾರಾದರೂ ಗುದ್ದಿದಾಗ ಕತ್ತು ಅದರ ಮೇಲೇ ಮುರಿಯಬಹುದು.

ಸನ್‌ರೂಫಿನ ಯಂತ್ರ, ತೆರೆ ಎಲ್ಲ ಅಡಗುವುದು ಚಾವಣಿಯೊಳಗೆ, ಅಂದರೆ ನಿಮ್ಮ ನೆತ್ತಿಯ ಪಾಲಿನಲ್ಲಿ. ಅಂಗುಲ ಒಂದೂವರೆ ಅಂಗುಲ ಹೋಯಿತೆಂದರೆ ನಾನು ಹೇಳಿದ ನಾಲ್ಕು ಬೆರಳು ಎರಡಾಯಿತು. ಶೋರೂಮಿನಲ್ಲಿ ನಿಲ್ಲಿಸಿರುವುದು ಬಹುತೇಕ ಟಾಪ್ ಮಾದರಿ. ನೀವು ಕೂತದ್ದೂ ಅದರಲ್ಲೇ ಇರಬೇಕು. ಸನ್‌ರೂಫ್ ಇಲ್ಲದ ಮಾದರಿಯಲ್ಲಿ ಕೂರಿಸಿ ಎಂದು ಹಟ ಹಿಡಿಯಿರಿ. ತೀರಾ ಕೆಳಗಿನ ಮಾದರಿಗೆ ಇಳಿದರೆ ಸೀಟಿನ ಎತ್ತರ ಹೊಂದಿಸುವ ಸೌಕರ್ಯ, ಸ್ಟೀರಿಂಗ್ ಎಳೆದುಕೊಳ್ಳುವ ಸೌಕರ್ಯ ಎರಡೂ ಹೋಗಬಹುದು, ಆದ್ದರಿಂದ ನಡುವಿನದನ್ನು ಹುಡುಕಿ. ಮಕ್ಕಳಿಗೆ ಹೇಳುವುದು ಕಷ್ಟವೇನಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಜಿಕೆವಿಕೆ ಬಳಿ ಸನ್‌ರೂಫಿನಿಂದ ಮೇಲೆ ನಿಂತಿದ್ದ ಹುಡುಗನ ತಲೆ ರಸ್ತೆಗೆ ಅಡ್ಡ ಹಾಕಿದ್ದ ಕಬ್ಬಿಣದ ತೊಲೆಗೆ ಬಡಿದ ವಿಡಿಯೊವನ್ನು ಅವರೂ ನೋಡಿರುತ್ತಾರೆ. ರೈಲ್ವೆ ಅಂಡರ್‌ಪಾಸುಗಳ ಮುಂದೆ ಅಂಥದೇ ತೊಲೆ ಇರುತ್ತದೆ. ಭಾಮೈದನಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಮಾರುವ ದಿನದ ಬೆಲೆಗಾಗಿ ಅಲ್ಲಿಯವರೆಗೆ ತಲೆ ತಗ್ಗಿಸಿ ಎನ್ನುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ.

ಅಮ್ಮನ ಮಾತು ಹಾಗಲ್ಲ, ಅದು ನಿಜವಾದ ತೊಡಕು. ಅವರಿಗೆ ಬೇಕಾದದ್ದು ತಗ್ಗಿನ ಗಾಡಿಯೂ ಅಲ್ಲ, ಏಕೆಂದರೆ ಮಂಡಿನೋವಿನವರಿಗೆ ಕೆಳಕ್ಕೆ ಕುಸಿದು ಕೂತು ಮೇಲೇಳುವುದೇ ಹೆಚ್ಚು ಕಷ್ಟ. ಬಾಗಿಲು ತೆರೆದಾಗ ಸೀಟಿನ ಅಂಚು ಅವರ ಸೊಂಟದ ಮಟ್ಟಕ್ಕೆ ಸರಿಯಾಗಿ ಬಂದರೆ ಕಾಲೆತ್ತಿ ಹತ್ತುವ ಕೆಲಸವಿಲ್ಲ. ಮೊದಲು ಕೂತು, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿಕೊಂಡರಾಯಿತು. ಸ್ಕಾರ್ಪಿಯೊದಂಥ ಗಾಡಿಯಾದರೆ ಮೆಟ್ಟಿಲೂ ಹಿಡಿಕೆಯೂ ಇಲ್ಲದೆ ಆಗದು. ನಿಮ್ಮ ಸೀಟು ಪೂರ್ತಿ ಹಿಂದಕ್ಕೆ ಹೋಗುವುದರಿಂದ ಅಮ್ಮನ ಜಾಗ ಎಡಬದಿ, ನಿಮ್ಮ ಹಿಂದೆ ಚಿಕ್ಕ ಮಗು.

ದುಡ್ಡಿನ ಲೆಕ್ಕ ಚುಟುಕಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ರಸ್ತೆ ತೆರಿಗೆ ಶೇ. 17, ಅದರ ಮೇಲೆ ಸೆಸ್. 16 ಲಕ್ಷದ ಗಾಡಿಗೆ ತೆರಿಗೆಯೇ 2 ಲಕ್ಷ 72 ಸಾವಿರ. ವಿಮೆ ಸೇರಿಸಿದರೆ ನಿಮ್ಮ 20 ಲಕ್ಷ ಹತ್ತಿರ ಬಂತು. ಹಾಗಾಗಿ ಶೋರೂಮ್ ಬೆಲೆ 16ರೊಳಗಿರುವುದನ್ನಷ್ಟೇ ನೋಡಿ. ಗೇಟನ್ನೂ ಅಳೆಯಿರಿ. ಸಫಾರಿ, ಸ್ಕಾರ್ಪಿಯೊ-ಎನ್ ಎರಡೂ ಕನ್ನಡಿ ಬಿಟ್ಟೇ 1.9 ಮೀಟರಿಗಿಂತ ಅಗಲ.

ನನ್ನನ್ನೇ ಕೇಳಿದರೆ ಮೊದಲು ಸನ್‌ರೂಫ್ ಇಲ್ಲದ ಹ್ಯಾರಿಯರ್‌ನಲ್ಲಿ ಕೂರಿ. ಮಂಡಿ ಉಜ್ಜಿದರೆ ಸನ್‌ರೂಫ್ ಇಲ್ಲದ ಕ್ರೆಟಾ. ಸ್ಕಾರ್ಪಿಯೊ-ಎನ್ ಕೊನೆಗೆ, ಅದೂ ಮಣಿಕಟ್ಟಿನ ಪರೀಕ್ಷೆ ದಾಟಿದರೆ ಮಾತ್ರ. ಯಾವುದು ಬಂದರೂ ವಾರದ ಮೂರರಲ್ಲಿ ಒಂದು ದಿನವಾದರೂ ಮಾರಿಕುಪ್ಪಂ ರೈಲು ಹಿಡಿಯಿರಿ. ಉರಿಗಾಂನಲ್ಲಿ ಹತ್ತಿದರೆ ವೈಟ್‌ಫೀಲ್ಡಿನಲ್ಲೇ ಇಳಿಯಬಹುದು, ತಲೆಯ ಮೇಲೆ ಬೇಕಾದಷ್ಟು ಜಾಗ. ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದರೆ ಕಾರಿಗಿಂತ ಮೊದಲು ವೈದ್ಯರನ್ನು ನೋಡಿ.

ಶೋರೂಮಿಗೆ ಭಾನುವಾರ ಹೋಗಬೇಡಿ, ವಾರದ ನಡುವೆ ಬೆಳಿಗ್ಗೆ ಹೋಗಿ, ಜನ ಕಡಿಮೆ. ಅಮ್ಮನೂ ಹೆಂಡತಿಯೂ ಜೊತೆಗಿರಲಿ, ಭಾಮೈದ ಮನೆಯಲ್ಲಿರಲಿ. ದಿನಾ ಹಾಕುವ ಚಪ್ಪಲಿಯೋ ಶೂವೋ ಹಾಕಿಕೊಂಡು, ಇಂಜಿನ್ ಶುರು ಮಾಡುವ ಮೊದಲು ಇಪ್ಪತ್ತು ನಿಮಿಷ ಸುಮ್ಮನೆ ಕೂತಿರಿ. ಹುಡುಗ ಮತ್ತೆ “ರೂಢಿ ಆಗುತ್ತೆ” ಅಂದರೆ ಟೇಪಿನ ಇನ್ನೊಂದು ತುದಿಯನ್ನು ಅವನ ಕೈಗೆ ಕೊಡಿ. ಕೆಎ-08 ನಂಬರು ಬಿದ್ದ ಮೇಲೆ ಯಾವ ಗಾಡಿ ತಂದಿರಿ ಎಂದು ನನಗೊಂದು ಸಾಲು ಬರೆಯಿರಿ.